ತಾಲ್ಲೂಕು ಒರೆಸುವ ಶಾಂತಪ್ಪ

2024ರ ನವೆಂಬರ್ 18, ಸೋಮವಾರ, ಬೆಳಗಿನ 6 ಗಂಟೆ 20 ನಿಮಿಷ. ಟಿಕೋಟಾ ಮತ್ತು ಬಬಲೇಶ್ವರದ ನಡುವಿನ ಬೇವಿನಾಳದಲ್ಲಿ ಪೇಂಟರ್ ಶಾಂತಪ್ಪ ಊರಿನ ನಾಮಫಲಕದ ಕೊನೆಯ ಸಾಲನ್ನು ಒದ್ದೆ ಬಟ್ಟೆಯಿಂದ ತಿಕ್ಕುತ್ತಿದ್ದಾರೆ. ನಾಲ್ಕು ಸಲ ಕೈಯಾಡಿಸುವಷ್ಟರಲ್ಲಿ ‘ತಾಲ್ಲೂಕು: ಬಬಲೇಶ್ವರ’ ಮಾಯ.

ಗುಟ್ಟು ಬಣ್ಣದಲ್ಲಿದೆ. ಊರಿನ ಹೆಸರಿಗೆ ಆಯಿಲ್ ಪೇಂಟು, ತಾಲ್ಲೂಕಿಗೆ ನೀರಿಗೆ ಕರಗುವ ಡಿಸ್ಟೆಂಪರ್. “ಊರ ಎಲ್ಲಿಗೆ ಹೋಗತೈತ್ರಿ? ಅಡ್ಡಾಡೂದು ತಾಲ್ಲೂಕ.” ಮಳೆಗೆ ತೊಳೆದುಹೋದರೆ? “ನಮ್ಮ ಕಡೆ ಆದೇಶ ಬಂದಷ್ಟು ಮಳಿ ಬರಂಗಿಲ್ರಿ.”

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವರು ಇವರು. ಫ್ಲೆಕ್ಸ್ ಬಂದು ಆ ಕೆಲಸ ತಿಂದಿತು. ಹೊಸ ತಾಲ್ಲೂಕುಗಳು ಬಂದು ಕೈ ಹಿಡಿದವು. ಬೇವಿನಾಳ ಮೊದಲು ವಿಜಯಪುರ ತಾಲ್ಲೂಕಿನಲ್ಲಿತ್ತು. ಆಮೇಲೆ ಟಿಕೋಟಾಕ್ಕೆ ಸೇರಿತು. ರಸ್ತೆ ತಡೆ ನಡೆದು ಬಬಲೇಶ್ವರಕ್ಕೆ ಬಂತು. ಸರ್ಕಾರ ಬದಲಾಯಿತು, ಈಗ ಮತ್ತೆ ಟಿಕೋಟಾ. ದಿನಕ್ಕೆ ಐದು ಫಲಕ ಬರೆಯಬೇಕು. ಹತ್ತಕ್ಕೆ ಅಧಿಕಾರಿಯ ತಪಾಸಣೆ.

ಅಷ್ಟರಲ್ಲಿ ಎಪ್ಪತ್ತರ ಲಕ್ಕವ್ವ ಓಡೋಡಿ ಬಂದು ಕುಂಚ ಕಸಿದುಕೊಳ್ಳುತ್ತಾರೆ. ತಾಲ್ಲೂಕು ಬದಲಿಸುವವನು ಈ ಮನುಷ್ಯನೇ ಎಂಬುದು ಅವರ ಖಚಿತ ನಂಬಿಕೆ.

“ನೀ ಡಬ್ಬಿ ತಂದಾಗೊಮ್ಮೆ ನನ್ನ ಫೈಲ್ ಊರ ಬಿಡತೈತಿ! ಹೊಲ ನನ್ನ ಹೆಸರಿಗೆ ಆಗೂ ಕಾಗದ ಬಬಲೇಶ್ವರದಾಗ ಸಹಿಗೆ ಬಂದೈತಿ. ಟಿಕೋಟಾ ಅಂತ ಬರದ್ರ ನೋಡು ಮತ್ತ!”

“ಯವ್ವಾ, ನಾ ತಹಶೀಲ್ದಾರ ಅಲ್ಲ ಬೇ.”

“ಅವರು ಮೂರು ಮಂದಿ ಬದಲಾದ್ರು. ನೀ ಒಬ್ಬಾವನ ಖಾಯಂ.”

ಶಾಂತಪ್ಪ ನಕ್ಕು, ಜೇಬಿನಿಂದ ಆದೇಶದ ಪ್ರತಿ ತೆಗೆದು ಓದುತ್ತಾರೆ. “ಇದು ನಾಳಿಂದ ಐತಿ. ಇವತ್ತ ಏಳರ ಬಸ್ಸಿಗೆ ಹೋಗಿ ಸಹಿ ಮಾಡಿಸ್ಕೊಂಡ್ ಬಾ.”

“ಬರೂತನಾ ಬರಿಬ್ಯಾಡ!” ಲಕ್ಕವ್ವ ಕುಂಚವನ್ನು ಚೀಲಕ್ಕೆ ಹಾಕಿಕೊಂಡೇ ಬಸ್ಸು ಹತ್ತುತ್ತಾರೆ.

ಶಾಂತಪ್ಪನ ಬಳಿ ಇನ್ನೆರಡು ಕುಂಚಗಳಿವೆ. ಅವುಗಳಿಂದ ಪಕ್ಕದ ಊರುಗಳ ನಾಲ್ಕು ಫಲಕ ಮುಗಿಸುತ್ತಾರೆ, ಬೇವಿನಾಳದ್ದನ್ನು ಮುಟ್ಟುವುದಿಲ್ಲ.

ಹತ್ತಕ್ಕೆ ಬಂದ ಅಧಿಕಾರಿ ಸಿಡುಕುತ್ತಾರೆ. “ಇದ್ಯಾಕ್ರೀ ಖಾಲಿ?”

“ಒಣಗಾಕತ್ತೈತ್ರಿ ಸಾಹೇಬ್ರ.”

“ಸಂಜಿ ಆರಕ್ಕ ಫೋಟೊ ಬರಲಿಲ್ಲಂದ್ರ ಬ್ಯಾರೆ ಪೇಂಟರ್‌ನ ನೋಡ್ತೀನಿ.”

ಶಾಂತಪ್ಪ ಬಸ್ಸಿನ ದಾರಿ ನೋಡುತ್ತಾ ಕೂರುತ್ತಾರೆ. ಐದೂಕಾಲಕ್ಕೆ ಲಕ್ಕವ್ವ ಇಳಿಯುತ್ತಾರೆ. ಕಾಗದದ ಮೇಲೆ ಸಹಿಯಿದೆ, ಮೊಹರೂ ಇದೆ.

“ತಗೋ ಯಪ್ಪಾ ಕುಂಚ. ಈಗ ಯಾವ ತಾಲ್ಲೂಕ ಬೇಕು ಅದನ್ನ ಬರಿ. ನಮ್ಮೂರಿಗಿಂತ ದೊಡ್ಡದಾಗಿ ಮಾತ್ರ ಬರಿಬ್ಯಾಡ.”

“ಇಷ್ಟು ವರ್ಷದಾಗ ಹಂಗ ಒಂದೂ ಬರದಿಲ್ಲ ಬೇ” ಎಂದು ಶಾಂತಪ್ಪ ಅಳತೆಪಟ್ಟಿ ಹಿಡಿದು ಗೆರೆ ಎಳೆಯುತ್ತಾರೆ. ಬೇವಿನಾಳದ ಅಕ್ಷರದ ಎತ್ತರ ಒಂಬತ್ತು ಇಂಚು. ಟಿಕೋಟಾದ್ದು ಮೂರು.