ನೋಡದೆ ಚೆಲ್ಲಿದ ಬಾಟಲಿ

ಸುಶೀಲಾ, ಆ ದಿನ ನಿನ್ನ ಮೂತ್ರವನ್ನು ನಾನು ಪರೀಕ್ಷೆ ಮಾಡಲೇ ಇಲ್ಲ. ಸಿಂಕಿಗೆ ಸುರಿದೆ. ಸುರಿದು, ನಿನಗಿಂತ ಮೊದಲು ಬಂದವಳ ರಿಪೋರ್ಟಿನಲ್ಲಿದ್ದುದನ್ನೇ ನಿನ್ನ ಹೆಸರಿನ ಕೆಳಗೆ ಬರೆದುಕೊಟ್ಟೆ.

ಅದು ಎರಡು ಸಾವಿರದ ಮೂರನೇ ಇಸವಿ. ಕೊಪ್ಪದ ಆ ಒಂದೇ ಕೋಣೆಯ ಲ್ಯಾಬಿಗೆ ನಾನೊಬ್ಬಳೇ ಟೆಕ್ನಿಷಿಯನ್. ಸಂತೆಯ ದಿನ ಎಸ್ಟೇಟಿನ ಜೀಪು ಬಸರೀಕಟ್ಟೆ ಕಡೆಯಿಂದ ನಿಮ್ಮನ್ನೆಲ್ಲ ತಂದು ಇಳಿಸುತ್ತಿತ್ತು. ಬಸುರಿಯರಾದ ನೀವು ಮನೆಯಿಂದಲೇ ಮೂತ್ರ ಹಿಡಿದು ತರುತ್ತಿದ್ದಿರಿ — ಕೆಮ್ಮಿನ ಔಷಧಿಯ ಬಾಟಲಿ, ಬ್ರಾಂದಿಯ ಕ್ವಾರ್ಟರ್ ಬಾಟಲಿ, ಕೈಗೆ ಸಿಕ್ಕಿದ್ದರಲ್ಲಿ. ಜೀಪು ವಾಪಸು ಹೊರಡುವುದರೊಳಗೆ ರಿಪೋರ್ಟು ಬೇಕು. ನಿಜ ಹೇಳುತ್ತೇನೆ, ನಿಮ್ಮನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು. ಈಗ ಇದನ್ನು ಬರೆಯುವಾಗ ಆ ಹೇಸಿಗೆ ನನ್ನ ಮೇಲೆಯೇ.

ನಿನ್ನ ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಮುಟ್ಟಿದ್ದೇ ತಡ, ಕೈಮೇಲೆ ಸುರಿಯಿತು. ಕದಡಿದ ಮೂತ್ರ, ಕೊಳೆತ ವಾಸನೆ. ಅದು ಸೋಂಕಿನ ಲಕ್ಷಣವಿರಬಹುದೆಂದು ಓದಿ ಕಲಿತವಳು ನಾನು! ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದ್ದರೆ... ಮೂಗು ಮುಚ್ಚಿಕೊಂಡು ಚೆಲ್ಲಿಬಿಟ್ಟೆ. ಸೋಪು ಹಚ್ಚಿ ಮೂರು ಸಲ ಕೈ ತೊಳೆದೆ.

ನೀನು ಬಾಗಿಲಲ್ಲೇ ನಿಂತಿದ್ದೆ; ಪರೀಕ್ಷೆ ಮುಗಿಸಿಯೇ ಚೆಲ್ಲಿದೆನೆಂದು ನಿನ್ನ ಎಣಿಕೆ. "ಅಕ್ಕಾ, ಹೊಯ್ಯುವಾಗ ಉರೀತದೆ. ಎಂತಾದ್ರೂ ತೊಂದ್ರೆ ಇದೆಯಾ?"

"ಎಂತ ಇಲ್ಲ ಮಾರಾಯ್ತಿ. ನೀರು ಜಾಸ್ತಿ ಕುಡಿ, ಸರಿ ಆಗ್ತದೆ."

ನನ್ನ ರಿಪೋರ್ಟು ನಂಬಿ ಡಾಕ್ಟರು ಮಾತ್ರೆ ಬರೆಯಲಿಲ್ಲ. ಮೂರು ವಾರಕ್ಕೆ ನಿನಗೆ ಚಳಿಜ್ವರ, ಸೊಂಟನೋವು; ಏಳನೇ ತಿಂಗಳಿಗೇ ಹೆರಿಗೆ. ಮಗು ಒಂದು ದಿನ ಉಸಿರಾಡಿತು. ಮೂತ್ರದ ಸೋಂಕು ಕಿಡ್ನಿಗೆ ಏರಿತ್ತೆಂದು ದೊಡ್ಡಾಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷಿನಲ್ಲಿತ್ತು. ನಿಮ್ಮ ಮನೆಯಲ್ಲಿ ಓದುವವರಿರಲಿಲ್ಲ. ನಮ್ಮ ಡಾಕ್ಟರು ಓದಿ, ಬೇಗ ಹೆರಿಗೆಯಾದದ್ದು ಅದರಿಂದಲೇ ಇರಬಹುದು, ಖಚಿತವಾಗಿ ಹೇಳಲಾಗದು ಎಂದರು. ಆ 'ಇರಬಹುದು' ಎಂಬುದರ ಹಿಂದೆ ಇಷ್ಟು ವರ್ಷ ಅವಿತು ಕೂತೆ. ಥೂ!

ನಿನ್ನ ಅತ್ತೆ ಮಾತ್ರ ಜೀಪಿನಲ್ಲಿ ಎಲ್ಲರೆದುರು ಹೇಳುತ್ತ ಬಂದರು: "ಬಾಯಿಚಪಲಕ್ಕೆ ಪಪ್ಪಾಯಿ ತಿಂದು ಮಗು ಕಳ್ಕೊಂಡ್ಳು." ನನ್ನ ಕಿವಿಗೂ ಬಿತ್ತು. ನಾನು ಬಾಯಿ ಬಿಡಲಿಲ್ಲ. ನಿನ್ನ ತಲೆಯ ಮೇಲೆ ಆ ಅಪವಾದ ಇದ್ದಷ್ಟು ದಿನ ನಾನು ಕ್ಷೇಮ — ಹಾಗೆಂದು ಒಳಗೊಳಗೇ ಸಮಾಧಾನವೂ ಆಗಿತ್ತು.

ಇದಕ್ಕಿಂತ ಹೊಲಸು ಇನ್ನೊಂದಿದೆ. ಎರಡು ವರ್ಷ ಬಿಟ್ಟು ನೀನು ಮತ್ತೆ ಬಸುರಿಯಾಗಿ ಬಂದೆ. ಫಳಫಳ ಹೊಳೆಯುವ ಬಾಟಲಿ.

"ಅಕ್ಕಾ, ಈ ಸಲ ಪಪ್ಪಾಯಿ ಮುಟ್ಟಿಲ್ಲ. ಬಾಟ್ಲಿನೂ ಕುದಿಸಿ ತಂದಿದೀನಿ. ಹೋದ ಸಲ ನಿಮ್ಗೆ ವಾಸನೆ ಬಂತಲ್ಲ, ಬೇಜಾರು ಮಾಡ್ಕೋಬೇಡಿ."

ನೀನು ನನ್ನ ಕ್ಷಮೆ ಕೇಳಿದೆ. ನಾನು, "ಪರವಾಗಿಲ್ಲ ಬಿಡು" ಎಂದೆ. ದೊಡ್ಡ ಮನಸ್ಸಿನವಳ ಹಾಗೆ.

ಆಗ ಹುಟ್ಟಿದ ಮಗಳು ಈಗ ಕಾಲೇಜಿಗೆ ಹೋಗುತ್ತಾಳಂತೆ. ಮುಂದೊಂದು ದಿನ ಬಸುರಾದಾಗ ಅವಳಿಗೂ ಅಜ್ಜಿ ಪಪ್ಪಾಯಿಯ ಕತೆಯನ್ನೇ ಹೇಳುತ್ತಾರೆ. ಅದಕ್ಕೆ ಮೊದಲೇ, ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಅತ್ತೆಯೂ ಮಗಳೂ ಇರಲಿ. ನೀನು ತಿಂದದ್ದರಿಂದ ಏನೂ ಆಗಲಿಲ್ಲ, ನಾನು ನೋಡದೆ ಚೆಲ್ಲಿದೆ — ಇಷ್ಟನ್ನು ಅಂಗಳದಲ್ಲೇ ನಿಂತು ಹೇಳುತ್ತೇನೆ. ನನ್ನನ್ನು ಒಳಗೆ ಕರೆಯಬೇಡ.