ಸಾಕ್ಷಿಯ ಮಾತು, ಸಾಕ್ಷಿಯ ಭಾಷೆ

ಶಿರ್ತಾಡಿಯ ಪದ್ಮಲತಾ ಕಾನೂನು ಕಾಲೇಜಿನಲ್ಲಿ ಪಾಠ ಮಾಡಲು ತೊಡಗಿ ಇಪ್ಪತ್ತೊಂದು ವರ್ಷವಾಗಿತ್ತು. ಕೋರ್ಟಿನಲ್ಲಿ ಬರೆದುಕೊಂಡ ಹೇಳಿಕೆಯನ್ನು ಸಾಕ್ಷಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮವನ್ನು ಅವರು ವರ್ಷವೂ ಕಲಿಸುತ್ತಿದ್ದರು. ಅದು ನಡೆಯುತ್ತದೆಯೋ ಇಲ್ಲವೋ ಎಂದು ಹೋಗಿ ನೋಡಿದವರಲ್ಲ.

ಒಂದು ದಿನ ವಿದ್ಯಾರ್ಥಿನಿ ಶ್ರಾವ್ಯಾ ತನ್ನೂರು ಸಿದ್ಧಕಟ್ಟೆಯಿಂದ ಐತಪ್ಪ ಎಂಬವರನ್ನು ಕರೆದುಕೊಂಡು ಬಂದಳು. ಅರುವತ್ತು ದಾಟಿದ ಐತಪ್ಪ ತೆಂಗಿನಕಾಯಿ ತೆಗೆಯುವ ಕೆಲಸದವರು. ತುಳು ಬಿಟ್ಟರೆ ಬೇರೆ ಭಾಷೆ ಸರಿಯಾಗಿ ಬಾರದು. ನೆರೆಯವರಿಬ್ಬರ ಬೇಲಿ ತಕರಾರಿನಲ್ಲಿ ಅವರು ಸಾಕ್ಷಿ ಹೇಳಿದ್ದರು. ಆಮೇಲೆ ಊರಿನಲ್ಲಿ ಅವರು ಮಾತು ತಿರುಗಿಸಿದರೆಂದು ಸುದ್ದಿಯಾಗಿ, ಎದುರು ಸಿಕ್ಕವರೂ ಮುಖ ತಿರುಗಿಸುತ್ತಿದ್ದರು.

ಪದ್ಮಲತಾ ಹೇಳಿಕೆಯ ನಕಲು ಓದಿದರು. ಬೇಲಿ ಕಿತ್ತ ದಿನ ಎಲ್ಲಿದ್ದಿರಿ ಎಂಬ ಪ್ರಶ್ನೆಗೆ ‘ನಾನು ಇರಲಿಲ್ಲ’ ಎಂಬ ಉತ್ತರವಿತ್ತು. ನಿಜವಾಗಿ ಏನು ಹೇಳಿದ್ದೆಂದು ಅವರು ತುಳುವಿನಲ್ಲಿ ವಿಚಾರಿಸಿದರು.

“ಯಾನ್ ಇಲ್ಲಡ್ ಇತ್ತೆ,” ಎಂದರು ಐತಪ್ಪ.

ತುಳುವಿನಲ್ಲಿ ‘ಇಲ್ಲ್’ ಎಂದರೆ ಮನೆ; ನಾನು ಮನೆಯಲ್ಲಿದ್ದೆ ಎಂದು ಅದರ ಅರ್ಥ. ಅವರ ಅಂಗಳದಿಂದ ಆ ಬೇಲಿಗೆ ಹತ್ತು ಹೆಜ್ಜೆ. ದೂರದ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಕೋರ್ಟಿನ ಬೆರಳಚ್ಚುಗಾರರಿಗೆ ಅದರಲ್ಲಿ ‘ಇಲ್ಲ’ ಮಾತ್ರ ಕೇಳಿಸಿತ್ತು. ಬರೆದದ್ದನ್ನು ಯಾರೂ ಓದಿ ಹೇಳಿರಲಿಲ್ಲ. ಪದ್ಮಲತಾಗೆ ಮೊದಲು ನಗು ಬಂತು, ಐತಪ್ಪನವರ ಮುಖ ನೋಡಿದ ಮೇಲೆ ನಾಚಿಕೆಯಾಯಿತು.

ಅವರು ಇದನ್ನು ಉದ್ದದ ಪ್ರಬಂಧವಾಗಿ ಬರೆದು ಕಾನೂನು ಪತ್ರಿಕೆಗೆ ಕಳುಹಿಸಿದರು. ಅಚ್ಚಾಯಿತು, ಓದಿದೆನೆಂದು ಹೇಳಿದವರು ಒಬ್ಬರೇ, ಸಹೋದ್ಯೋಗಿ ಗಣೇಶಪ್ರಸಾದ್.

“ಬರೆದದ್ದು ಸಾಕು ಮೇಡಂ,” ಎಂದರು ಅವರು. “ಇನ್ನು ವಕೀಲರ ಹತ್ತಿರವೇ ಹೋಗುವ.”

ಶನಿವಾರಗಳಂದು ಇಬ್ಬರೂ ಬಸ್ಸು ಹತ್ತಿದರು. ತುಳು, ಬ್ಯಾರಿ ಭಾಷೆ ಬಲ್ಲ ಅನುವಾದಕರ ಪಟ್ಟಿ ಪ್ರತಿ ಕೋರ್ಟಿನಲ್ಲೂ ಇರಬೇಕು, ಓದಿ ಹೇಳಿದ ಮೇಲೆಯೇ ಸಹಿ ಪಡೆಯಬೇಕು ಎಂಬ ಒಂದು ಪುಟದ ಮನವಿ ಅವರ ಕೈಯಲ್ಲಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ವಕೀಲರ ಸಂಘಗಳಿಗೆ ತಿರುಗಿದರು. ಜೈನ ಪದ್ಧತಿಯಂತೆ ಕತ್ತಲಾದ ಮೇಲೆ ಉಣ್ಣದ ಪದ್ಮಲತಾ, ತಡವಾಗುವ ದಿನ ಹೊತ್ತು ಮುಳುಗುವ ಮೊದಲು ಮಡಂತ್ಯಾರಿನ ಬಸ್‌ಸ್ಟ್ಯಾಂಡಿನಲ್ಲೇ ಬುತ್ತಿ ಬಿಚ್ಚುತ್ತಿದ್ದರು.

ಒಂದು ಸಭೆಯಲ್ಲಿ ಹಿರಿಯ ವಕೀಲರೊಬ್ಬರು, ಇಲ್ಲಿ ತುಳು ಬಾರದ ವಕೀಲ ಯಾರಿದ್ದಾನೆ, ಅನುವಾದಕ ಯಾಕೆ ಎಂದು ಕೇಳಿದರು.

“ನಮಗೆ ಬರ್ತದೆ ಸರ್,” ಎಂದರು ಪದ್ಮಲತಾ. “ಬರೆದುಕೊಳ್ಳುವವರಿಗೆ ಬರಬೇಕೆಂದು ಉಂಟಾ? ಈ ನಕಲು ಒಮ್ಮೆ ನೋಡಿ.”

ಹಿರಿಯ ವಕೀಲರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಮನವಿಗೆ ಮೊದಲ ಸಹಿ ಹಾಕಿದ್ದು ಅವರೇ.

ಈ ನಡುವೆ ಬೇಲಿ ಮೊಕದ್ದಮೆಯ ವಕೀಲರು ಅರ್ಜಿ ಹಾಕಿ ಐತಪ್ಪನವರನ್ನು ಮತ್ತೆ ಸಾಕ್ಷಿಕಟ್ಟೆಗೆ ಕರೆಸಿದರು. ಈ ಸಲ ನ್ಯಾಯಾಧೀಶರು, ಶ್ರೀಮತಿ ಎಂಬ ಹೆಸರಿನ ನಿವೃತ್ತ ಶಿಕ್ಷಕಿಯನ್ನು ಅನುವಾದಕ್ಕೆ ಕೂರಿಸಿದರು. ‘ಮನೆಯಲ್ಲಿದ್ದೆ’ ಎಂದೇ ದಾಖಲಾಯಿತು. ಬರೆದದ್ದೆಲ್ಲವನ್ನೂ ಅವರು ತುಳುವಿನಲ್ಲಿ ಓದಿ ಹೇಳಿದಾಗ ಐತಪ್ಪ ಕಿವಿಗೊಟ್ಟು ಕೇಳಿ, ಬೇಲಿ ಕಿತ್ತದ್ದು ಮಧ್ಯಾಹ್ನವಲ್ಲ, ಬೆಳಿಗ್ಗೆ ಎಂದು ತಿದ್ದಿಸಿದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಪದ್ಮಲತಾ ಶ್ರಾವ್ಯಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮರುವಾರ ಐತಪ್ಪ ಎರಡು ಗೊನೆ ಎಳನೀರು ಹೊತ್ತುಕೊಂಡು ಶಿರ್ತಾಡಿಗೆ ಬಂದರು. ಊರಿನವರು ಈಗ ಮೊದಲಿನಂತೆ ಕೆಲಸಕ್ಕೆ ಕರೆಯುತ್ತಾರೆಂದು ಹೇಳಿ ನಕ್ಕರು.

ಮೂರೂ ಸಂಘಗಳು ಮನವಿಯನ್ನು ಬೆಂಬಲಿಸಿ ಠರಾವು ಮಾಡಿದವು. ಬೆಂಗಳೂರಿನ ಹೈಕೋರ್ಟಿಗೆ ಕಳುಹಿಸಿದ ಮನವಿಗೆ ಬಂದದ್ದು ಪರಿಶೀಲನೆಯಲ್ಲಿದೆ ಎಂಬ ಎರಡು ಸಾಲಿನ ಉತ್ತರ. ಪದ್ಮಲತಾ ಅದಕ್ಕೆ ಬೇಸರಿಸಲಿಲ್ಲ; ವಿದ್ಯಾರ್ಥಿಗಳನ್ನು ಸರದಿಯಂತೆ ಕೋರ್ಟುಗಳಿಗೆ ಕಳುಹಿಸಿ, ಎಷ್ಟು ಹೇಳಿಕೆಗಳನ್ನು ಓದಿ ಹೇಳುತ್ತಾರೆಂದು ಬರೆಸತೊಡಗಿದರು. ಇದೆಲ್ಲ ಯಾವಾಗ ಮುಗಿಯುತ್ತದೆಂದು ಗಂಡ ಅಭಯಚಂದ್ರ ಕೇಳಿದಾಗ, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಹೇಳಿದರು:

“ನಿವೃತ್ತಿಗೆ ಇನ್ನೂ ಒಂಬತ್ತು ವರ್ಷ ಉಂಟಲ್ಲ. ಮಾಡ್ತೇನೆ.”