ಸೀಡಿಯಲ್ಲಿ ಉಳಿಯದ ದನಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಅಣ್ಣನೂ ಆಳಂದದಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದೆವು. ಲಗ್ನಪತ್ರಿಕೆ, ಕರಪತ್ರಗಳೇ ನಮ್ಮ ಕೆಲಸ. ಅಣ್ಣ ಸೊಲ್ಲಾಪುರದಿಂದ ಸೀಡಿ ಬರೆಯುವ ಯಂತ್ರ ತಂದ ಮೇಲೆ ಕ್ಯಾಸೆಟ್ಟಿನ ಹಾಡುಗಳನ್ನು ಸೀಡಿಗೆ ಹಾಕಿಕೊಡುವುದೂ ಶುರುವಾಯಿತು.

ಒಂದು ದಿನ ಸರಸಂಬಾದಿಂದ ಒಬ್ಬಳು ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ಆ ತಾಯಿ ಸುತ್ತಲಿನ ಹಳ್ಳಿಗಳ ಭಜನೆಯಲ್ಲಿ ವಚನ ಹಾಡುತ್ತಿದ್ದವರು. ಗಂಟಲಿನ ಗಡ್ಡೆಗೆ ಆಪರೇಷನ್ ಆಗಿ ದನಿ ಪೂರ್ತಿ ಹೋಗಿತ್ತು. ಕುತ್ತಿಗೆಗೆ ಸೆರಗು ಸುತ್ತಿಕೊಂಡು ಸುಮ್ಮನೆ ಕೂತಿದ್ದರು. ಮಗಳೇ ಮಾತಾಡಿದಳು.

“ನಮ್ಮ ಅವ್ವನ ದನಿ ಇರೋದು ಇದೊಂದೇ ಕ್ಯಾಸೆಟ್‌ನ್ಯಾಗ ನೋಡ್ರಿ. ಬೂಷ್ಟು ಹಿಡ್ಯಾಕತ್ತದ. ಕಾಯಂ ಉಳಿಯೂಹಂಗ ಮಾಡಿಕೊಡ್ರಿ.”

ರೀಲು ಒಮ್ಮೆ ಹೇಗೋ ಓಡಿತು. ಹಾಡುಗಳು ಕಂಪ್ಯೂಟರಿಗೆ ಇಳಿದವು. ಹಿಂದಕ್ಕೆ ಸುತ್ತುವಾಗ ರೀಲು ಸಿಕ್ಕಿಕೊಂಡು ಚೂರುಚೂರಾಯಿತು. ಅಲ್ಲಿಂದ ಮುಂದೆ ಆಕೆಯ ದನಿ ಉಳಿದದ್ದು ನಮ್ಮ ಹಾರ್ಡ್ ಡಿಸ್ಕಿನಲ್ಲಿ ಮಾತ್ರ.

ಅಣ್ಣನ ಬಳಿ ಇದ್ದದ್ದು ಯಾರೋ ಕಾಪಿ ಮಾಡಿಕೊಟ್ಟ ಸಾಫ್ಟ್‌ವೇರ್. ಬೇಗ ಬರೆಯುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಬರೆದದ್ದನ್ನು ಮತ್ತೆ ಓದಿ ಮೂಲದೊಂದಿಗೆ ತಾಳೆ ನೋಡುವ ಸೌಲಭ್ಯ ಅದಕ್ಕಿರಲಿಲ್ಲ. ಕೆಲಸ ಮುಗಿಯಿತೆಂದು ತೆರೆಯ ಮೇಲೆ ಬಂತು. ಸೀಡಿಯಲ್ಲಿ ಹಾಡುಗಳ ಹೆಸರೆಲ್ಲ ಸಾಲಾಗಿ ಕಂಡವು. ಒಂದು ಸ್ಮರಣ ಸಂಚಿಕೆಯ ಫೋಟೋಗಳಿಗೆ ಕಂಪ್ಯೂಟರಿನಲ್ಲಿ ಜಾಗ ಬೇಕಾಗಿತ್ತು. ಅಣ್ಣ ಅಲ್ಲಿದ್ದ ಹಾಡುಗಳನ್ನು ಅಳಿಸಲು ಹೊರಟ.

“ಒಮ್ಮೆ ಹಚ್ಚಿ ಕೇಳೂಣು ತಡಿ ಅಣ್ಣಾ,” ಎಂದೆ.

“ಹೆಸರೆಲ್ಲ ಕಾಣಾಕತ್ತಾವಲ್ಲ ಬೇ. ಒಳಗ ಇರಲಾರದ ಹ್ಯಾಂಗ ಕಾಣ್ತಾವ?” ಎಂದವನೇ ಅಳಿಸಿದ. ಫೋಟೋಗಳನ್ನು ತುಂಬಿದ.

ತಾಯಿ ಮಗಳು ಸೀಡಿ ಒಯ್ಯಲು ಬಂದಾಗ ಮೊದಲ ಹಾಡು ಹಚ್ಚಿದೆವು. ತಂಬೂರಿ ಕೇಳಿಸಿತು, ಹಿಂದೆಯೇ ಆಕೆಯ ತುಂಬುದನಿ. ತಾಯಿ ಕಣ್ಣು ಮುಚ್ಚಿದರು. ಅರ್ಧಕ್ಕೆ ಹಾಡು ನಿಂತಿತು. ಮುಂದಿನದು ಹತ್ತಲಿಲ್ಲ. ಅದರ ಮುಂದಿನದೂ ಹತ್ತಲಿಲ್ಲ. ಅಣ್ಣ ಸೀಡಿ ತೆಗೆದು ಒರೆಸಿ ಮತ್ತೆ ಹಾಕಿ ನೋಡಿದ, ಅಷ್ಟೇ ಹಾಡಿತು.

ಅಂದೇ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಅವನು ಕಲಬುರ್ಗಿಗೆ ಓಡಿದ. ಹಾಡುಗಳಿದ್ದ ಜಾಗದಲ್ಲಿ ಫೋಟೋಗಳು ಕೂತಿವೆ, ಇನ್ನು ಸಿಗುವುದಿಲ್ಲ ಎಂದು ರಿಪೇರಿಯವನು ಹೇಳಿ ಕಳಿಸಿದ.

ಹಾಡುಗಳು ಇನ್ನು ಸಿಗುವುದಿಲ್ಲವೆಂದು ಹೇಳಲು ಇಬ್ಬರೂ ಸರಸಂಬಾಕ್ಕೆ ಹೋದೆವು. ಮಗಳು ಬಾಗಿಲಲ್ಲೇ ಕೇಳಿಸಿಕೊಂಡಳು. “ಅವ್ವಗ ಹ್ಯಾಂಗ ಹೇಳ್ಲಿರಿ ನಾ?” ಎಂದಳು. ತಾಯಿ ಒಳಗಿನಿಂದ ಎಲ್ಲ ಕೇಳಿದ್ದರು. ಎದ್ದು ಬಂದು ಅಣ್ಣನ ಮುಖ ನೋಡಿದರು. ತುಟಿಗಳು ಅಲುಗಿದವು, ಏನಂದರೋ ತಿಳಿಯಲಿಲ್ಲ.

ಆಮೇಲೆ ಅಣ್ಣ ಆ ಸಾಫ್ಟ್‌ವೇರ್ ಕಿತ್ತುಹಾಕಿದ. ಬರೆದ ಮೇಲೆ ಪೂರ್ತಿ ಓದಿ ಪರೀಕ್ಷಿಸುವಂಥದ್ದನ್ನು ದುಡ್ಡು ಕೊಟ್ಟು ತಂದ. ವೇಗ ಇಳಿಸಿ ಬರೆಯುತ್ತಿದ್ದ. ಪ್ರತಿಯೊಂದನ್ನೂ ಎರಡು ಸೀಡಿ ಮಾಡಿ, ಒಂದನ್ನು ಮನೆಯಲ್ಲಿಡುತ್ತಿದ್ದ. ಬೇರೆ ಯಂತ್ರದಲ್ಲಿ ಹಚ್ಚಿ ನೋಡದೆ ಮೂಲ ಮುಟ್ಟುತ್ತಿರಲಿಲ್ಲ. ಗಿರಾಕಿಗಳು ಅವನ ನಿಧಾನಕ್ಕೆ ಬೇಸತ್ತು ಬೇರೆ ಕಡೆ ಹೋದರು.

ಬೇಸಿಗೆಯಲ್ಲಿ ಆ ತಾಯಿ ತೀರಿಕೊಂಡರು. ತಿಂಗಳಾದ ಮೇಲೆ ಮಗಳು ಬಂದು, “ಅರ್ಧ ಹಾಡರ ಅದ ಅಲ್ರಿ, ಅದನ್ನ ಹಚ್ರಿ,” ಎಂದಳು. ಆ ಸೀಡಿ ನಮ್ಮ ಅಂಗಡಿಯಲ್ಲೇ ಉಳಿದಿತ್ತು; ಅವರ ಮನೆಯಲ್ಲಿ ಸೀಡಿ ಹಚ್ಚುವ ಯಂತ್ರ ಇರಲಿಲ್ಲ. ಸಂತೆಗೆ ಬಂದಾಗಲೆಲ್ಲ ನಮ್ಮಲ್ಲಿ ಕೂತು ಅಷ್ಟನ್ನೇ ಕೇಳಿ ಹೋಗುತ್ತಿದ್ದಳು. ನಾನು ಹಚ್ಚಿಕೊಡುತ್ತಿದ್ದೆ. ಅಣ್ಣ ಅವಳು ಹೋಗುವತನಕ ರಸ್ತೆಯಲ್ಲಿ ನಿಂತಿರುತ್ತಿದ್ದ.